ಥೆರಪಿಗೆ ಕುದುರೆ ಆರಿಸುವವರಿಗೆ: ಅಲ್ಲಾಡದೆ ನಿಲ್ಲುವ ಕುದುರೆಯೆಲ್ಲ ಸಾಧುವಲ್ಲ

“ತುಂಬಾ ಸಾಧು ಕಣ್ರೀ, ಮಗು ಹೊಟ್ಟೆ ಕೆಳಗೆ ನುಸುಳಿದರೂ ಅಲ್ಲಾಡಲ್ಲ.” ಕುದುರೆ ಮಾರುವವರು, ದಾನ ಕೊಡುವವರು, ಎಲ್ಲರ ಬಾಯಲ್ಲೂ ಇದೇ ಮಾತು. ಥೆರಪಿ ಕೇಂದ್ರ ಶುರು ಮಾಡುವವರಿಗೆ ಇದನ್ನು ಕೇಳಿದರೆ ಅರ್ಧ ಚಿಂತೆ ಕಳೆದಂತೆ ಅನಿಸುತ್ತದೆ. ನನಗೂ ಮೊದಮೊದಲು ಹಾಗೇ ಅನಿಸುತ್ತಿತ್ತು. ಈಗ ಈ ಮಾತು ಕೇಳಿದರೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಅಲ್ಲಾಡುವುದಿಲ್ಲ ಸರಿ, ಯಾಕೆ ಅಲ್ಲಾಡುವುದಿಲ್ಲ?

ಒಂದು ಕುದುರೆ ನೆಮ್ಮದಿಯಿಂದ ಇದೆ ಅಂತ ಸುಮ್ಮನೆ ನಿಂತಿರಬಹುದು. ಇನ್ನೊಂದಕ್ಕೆ ಬೆನ್ನು ನೋಯುತ್ತಿದೆ, ಅಲ್ಲಾಡಿದರೆ ಜಾಸ್ತಿ ನೋಯುತ್ತದೆ ಅಂತ ನಿಂತಿರಬಹುದು. ಮತ್ತೊಂದು, ಏನು ಮಾಡಿದರೂ ಯಾರೂ ಕೇಳುವುದಿಲ್ಲ ಅಂತ ಕೈಚೆಲ್ಲಿರಬಹುದು. ದೂರದಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ನಿಮಗೆ ಬೇಕಾದ್ದು ಮೊದಲನೆಯದು ಮಾತ್ರ. ಅದನ್ನು ಉಳಿದೆರಡರಿಂದ ಬೇರೆ ಮಾಡುವುದು ಹೇಗೆ ಅನ್ನುವುದೇ ಈ ಬರಹ.

ಹಂತ 1: ಕುದುರೆಗಿಂತ ಮೊದಲು ಕೆಲಸ ಯಾವುದು ಅಂತ ಬರೆದುಕೊಳ್ಳಿ

ಕುದುರೆ ಜೊತೆಗಿನ ಥೆರಪಿ ಅಂದರೆ ಒಂದೇ ಕೆಲಸ ಅಲ್ಲ. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಅಥವಾ ಸ್ಪೀಚ್ ಥೆರಪಿ ಕಲಿತವರು ಕುದುರೆಯ ನಡಿಗೆಯನ್ನೇ ಚಿಕಿತ್ಸೆಯ ಸಾಧನ ಮಾಡಿಕೊಳ್ಳುವುದು ಹಿಪ್ಪೋಥೆರಪಿ. ವಿಶೇಷ ಅಗತ್ಯವಿರುವವರಿಗೆ ಸವಾರಿಯನ್ನೇ ಕಲಿಸುವುದು ಇನ್ನೊಂದು. ಮೂರನೆಯದರಲ್ಲಿ ಯಾರೂ ಕುದುರೆ ಹತ್ತುವುದೇ ಇಲ್ಲ. ಮೈ ಉಜ್ಜುವುದು, ಹಗ್ಗ ಹಿಡಿದು ನಡೆಸುವುದು, ಸುಮ್ನೆ ಜೊತೆಯಲ್ಲಿ ಇರುವುದು, ಇಷ್ಟೇ. ಮನಸ್ಸಿಗೆ ಪೆಟ್ಟು ಬಿದ್ದವರ ಜೊತೆ ಹೆಚ್ಚಾಗಿ ನಡೆಯುವುದು ಈ ಕೆಲಸ.

ಹಿಪ್ಪೋಥೆರಪಿಗೆ ಕುದುರೆಯ ನಡಿಗೆಯೇ ಮುಖ್ಯ. ಕುದುರೆ ನಡೆಯುವಾಗ ಸವಾರನ ಸೊಂಟ ಹಿಂದೆ ಮುಂದೆ ತೂಗುತ್ತದೆ, ಅಕ್ಕಪಕ್ಕ ವಾಲುತ್ತದೆ, ಸ್ವಲ್ಪ ತಿರುಗುತ್ತದೆ ಕೂಡ. ಮನುಷ್ಯ ತಾನೇ ನಡೆಯುವಾಗ ಸೊಂಟ ಚಲಿಸುವುದೂ ಹೆಚ್ಚು ಕಡಿಮೆ ಹೀಗೆಯೇ. ಸ್ವಂತ ಕಾಲಿನ ಮೇಲೆ ನಡೆಯಲಾಗದ ಮಗುವಿನ ಮೈಗೆ ಆ ಲಯ ಸಿಗುವುದು ಇಲ್ಲಿ. ಹಾಗಾಗಿ ಎಡ ಬಲ ಹೆಜ್ಜೆ ಸಮವಾಗಿಲ್ಲದ ಕುದುರೆ, ಎಷ್ಟೇ ಒಳ್ಳೆಯ ಸ್ವಭಾವದ್ದಾದರೂ, ಈ ಕೆಲಸಕ್ಕೆ ಆಗುವುದಿಲ್ಲ. ಅದೇ ಕುದುರೆ ನೆಲದ ಮೇಲಿನ ಕೆಲಸಕ್ಕೆ ಬಹಳ ಚೆನ್ನಾಗಿ ಒದಗಬಹುದು.

ಬೆನ್ನಿನ ಅಗಲವನ್ನೂ ಯೋಚಿಸಿ. ಕೂರಲು ಭದ್ರ ಬೇಕಾದವರಿಗೆ ಅಗಲ ಬೆನ್ನಿನ ಕುದುರೆ ಒಳ್ಳೆಯದು. ಆದರೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈ ಚಲನೆ ಹತೋಟಿಗೆ ಸಿಗದಿರುವುದು) ಇರುವ ಎಷ್ಟೋ ಮಕ್ಕಳ ತೊಡೆಯ ಒಳಗಿನ ಸ್ನಾಯುಗಳು ಬಿಗಿದಿರುತ್ತವೆ. ಅವರನ್ನು ಅಗಲ ಬೆನ್ನಿನ ಮೇಲೆ ಕೂರಿಸಿದರೆ ಕಾಲು ಚಾಚಿ ನೋಯುತ್ತದೆ. ಅವರಿಗೆ ಕಿರಿದಾದ ಬೆನ್ನೇ ಬೇಕು.

ಎತ್ತರ 14ರಿಂದ 15 ಹ್ಯಾಂಡ್ (ಕುದುರೆ ಎತ್ತರದ ಅಳತೆ) ಇದ್ದರೆ ಅನುಕೂಲ, ಅಂದರೆ ಸುಮಾರು 142ರಿಂದ 152 ಸೆಂಟಿಮೀಟರ್. ಪಕ್ಕದಲ್ಲಿ ನಡೆಯುವ ಸಹಾಯಕರು ಸವಾರನ ತೊಡೆ, ಸೊಂಟ ಹಿಡಿದುಕೊಳ್ಳಬೇಕಾಗುತ್ತದೆ. ಕುದುರೆ ತೀರಾ ಎತ್ತರವಾದರೆ ಹತ್ತು ನಿಮಿಷದಲ್ಲಿ ಅವರ ಭುಜ ಸೋತುಹೋಗುತ್ತದೆ. ಸೋತ ಕೈ ಹಿಡಿತ ಬಿಡುತ್ತದೆ.

ಇನ್ನು ತೂಕ. ಕುದುರೆ ತನ್ನ ಮೈತೂಕದ ಶೇಕಡಾ 20ರಷ್ಟು ಹೊರಬಹುದು ಅನ್ನುವುದು ರೂಢಿಯ ಲೆಕ್ಕ. ಅದರಲ್ಲಿ ಜೀನಿನ ಭಾರವೂ ಸೇರಿತು. 400 ಕಿಲೋ ಕುದುರೆಗೆ 80 ಕಿಲೋ. ಆದರೆ ಇದು ಸಮತೋಲನ ಇರುವ ಸವಾರನ ಲೆಕ್ಕ. ಥೆರಪಿಗೆ ಬರುವವರು ಒಂದು ಪಕ್ಕ ವಾಲುತ್ತಾರೆ, ಕುಸಿಯುತ್ತಾರೆ. ಆ ಎಳೆತ ಎಲ್ಲ ಬೀಳುವುದು ಕುದುರೆಯ ಬೆನ್ನೆಲುಬಿಗೆ. ನಾನಂತೂ ಶೇಕಡಾ 15ಕ್ಕೇ ನಿಲ್ಲಿಸುತ್ತೇನೆ, ಅಂದರೆ ಅದೇ ಕುದುರೆಗೆ 60 ಕಿಲೋ. ನಿಮ್ಮಲ್ಲಿಗೆ ಬರುವವರಲ್ಲಿ ಅತಿ ಭಾರದವರು ಎಷ್ಟಿದ್ದಾರೆ ನೋಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ.

ಹಂತ 2: ಹೋಗುವ ಮೊದಲು ಫೋನಿನಲ್ಲೇ ಕೇಳಿ

ವಯಸ್ಸು ಎಷ್ಟು? ನನ್ನ ಆಯ್ಕೆ 8ರಿಂದ 16 ವರ್ಷದ ಒಳಗಿನವು. ಮೈ ಬೆಳೆದಿರುತ್ತದೆ, ಲೋಕ ಕಂಡಿರುತ್ತದೆ, ಇನ್ನೂ ಕೆಲವು ವರ್ಷ ಕೆಲಸ ಮಾಡುವ ಶಕ್ತಿಯೂ ಇರುತ್ತದೆ. ಹಿಡ ಮಾಡಿಸಿದ, ಅಂದರೆ ಬೀಜ ತೆಗೆಸಿದ ಗಂಡು ಕುದುರೆ ಸಾಮಾನ್ಯವಾಗಿ ಒಂದೇ ಹದದಲ್ಲಿರುತ್ತದೆ. ಹೆಣ್ಣು ಕುದುರೆಯೂ ಆಗುತ್ತದೆ. ಬೆದೆಯ ಕಾಲದಲ್ಲಿ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬಂದಾಗ ಕೆಲವು ಕಿರಿಕಿರಿ ಮಾಡುತ್ತವೆ, ಕೆಲವಕ್ಕೆ ಏನೂ ಅನಿಸುವುದೇ ಇಲ್ಲ. ಅದನ್ನು ಕೇಳಿ ತಿಳಿದುಕೊಳ್ಳಿ. ಹಿಡ ಮಾಡದ ಗಂಡು ಬೇಡವೇ ಬೇಡ.

ಹಿಂದೆ ಏನು ಕೆಲಸ ಮಾಡುತ್ತಿತ್ತು, ಯಾಕೆ ಕೊಡುತ್ತಿದ್ದಾರೆ, ಯಾವತ್ತಾದರೂ ಕುಂಟಿದೆಯಾ, ಹೊಟ್ಟೆ ನೋವು ಅಂದರೆ ಕಾಲಿಕ್ ಬಂದಿದೆಯಾ, ಕಚ್ಚಿದ್ದು ಒದ್ದದ್ದು ಉಂಟಾ, ಈಗ ಯಾವ ಔಷಧಿ ಕೊಡುತ್ತಿದ್ದೀರಿ, ಒಂಟಿಯಾಗಿ ಬಿಟ್ಟರೆ ಹೇಗಿರುತ್ತದೆ, ಇವಿಷ್ಟನ್ನೂ ಕೇಳಿ. ತಳಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹಾಫ್ಲಿಂಗರ್, ನಾರ್ವೆಯ ಫ್ಯೋರ್ಡ್, ಕ್ವಾರ್ಟರ್ ಹಾರ್ಸ್ ತಳಿಗಳಿಗೆ ಶಾಂತ ಸ್ವಭಾವದ ಹೆಸರಿದೆ, ನಿಜ. ಆದರೆ ನಿಮ್ಮ ಲಾಯಕ್ಕೆ ಬರುವುದು ತಳಿ ಅಲ್ಲ, ಒಂದು ಕುದುರೆ.

ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅನ್ನುತ್ತೇವೆ. ಈ ಕೆಲಸದಲ್ಲಿ ಮಾತ್ರ ನೋಡಲೇಬೇಕು. ಥೆರಪಿ ಕೇಂದ್ರಗಳಿಗೆ ದಾನವಾಗಿ ಬರುವ ಕುದುರೆಗಳಲ್ಲಿ ಸ್ಪರ್ಧೆಗೆ ಓಡಿ ಓಡಿ ಕೀಲು ಸವೆದವು ಬಹಳ. “ಇನ್ನು ಓಡಲಾರದು, ಮಕ್ಕಳನ್ನು ಕೂರಿಸಿಕೊಂಡು ಮೆಲ್ಲಗೆ ನಡೆಯುತ್ತದೆ ಬಿಡಿ” ಅನ್ನುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಮೆಲ್ಲಗೆ ನಡೆಯುವುದು ಹಗುರ ಕೆಲಸ ಅನ್ನುವುದು ತಪ್ಪು ತಿಳಿವಳಿಕೆ. ವಾಲುವ ಭಾರ ಹೊತ್ತು, ಹೆಜ್ಜೆ ಹೆಜ್ಜೆಗೂ ಸಮತೋಲನ ಸರಿಮಾಡಿಕೊಳ್ಳುತ್ತಾ, ಅರ್ಧ ಗಂಟೆ ಒಂದೇ ಹದದಲ್ಲಿ ನಡೆಯಲು ಗಟ್ಟಿ ಮೈಯೇ ಬೇಕು.

ಹಂತ 3: ಮೊದಲ ಭೇಟಿಯಲ್ಲಿ ಮುಟ್ಟಬೇಡಿ, ನೋಡಿ

ಕುದುರೆಯನ್ನು ಮೊದಲೇ ಹಿಡಿದು, ಉಜ್ಜಿ, ಜೀನು ಕಟ್ಟಿ ನಿಲ್ಲಿಸಬೇಡಿ ಅಂತ ಹೇಳಿಯೇ ಹೋಗಿ. ಅದು ಮೇಯುವ ಜಾಗದಲ್ಲೋ ಲಾಯದಲ್ಲೋ ಹೇಗಿದೆಯೋ ಹಾಗೆ ಅರ್ಧ ಗಂಟೆ ನೋಡಬೇಕು. ಈ ಅರ್ಧ ಗಂಟೆಯನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಆಯ್ಕೆಯಲ್ಲಿ ಇದಕ್ಕಿಂತ ಮುಖ್ಯ ಯಾವುದೂ ಇಲ್ಲ.

ನೆಮ್ಮದಿಯ ಕುದುರೆಯ ಕಿವಿ ಸುಮ್ಮನಿರುವುದಿಲ್ಲ. ಒಂದು ಕಿವಿ ಈ ಕಡೆ, ಇನ್ನೊಂದು ಆ ಕಡೆ, ನಿಧಾನಕ್ಕೆ ತಿರುಗುತ್ತಿರುತ್ತವೆ. ಕೆಳತುಟಿ ಸಡಿಲ. ಕಣ್ಣು ಮೆತ್ತಗೆ, ಆಗಾಗ ರೆಪ್ಪೆ ಬಡಿಯುತ್ತದೆ. ಒಂದು ಹಿಂಗಾಲು ಮಡಿಸಿ ವಿಶ್ರಾಂತಿಗೆ ಬಿಟ್ಟು, ಸ್ವಲ್ಪ ಹೊತ್ತಿನ ನಂತರ ಕಾಲು ಬದಲಾಯಿಸುತ್ತದೆ. ದೂರದಲ್ಲಿ ಬಾಗಿಲು ಬಡಿದರೆ ತಲೆ ಎತ್ತಿ ನೋಡುತ್ತದೆ, ಮತ್ತೆ ಮೇವಿಗೆ ಬಾಯಿ ಹಾಕುತ್ತದೆ. ಆ ‘ಮತ್ತೆ ಮೇವಿಗೆ’ ಅನ್ನುವುದನ್ನು ಗಮನಿಸಿ.

ಕೈಚೆಲ್ಲಿದ ಕುದುರೆ ಬೇರೆ. ಕಣ್ಣು ತೆರೆದಿದೆ, ಆದರೆ ಏನನ್ನೂ ನೋಡುತ್ತಿಲ್ಲ. ಕಿವಿ ಒಂದೇ ಕಡೆ ನಿಂತುಬಿಟ್ಟಿದೆ. ಕುತ್ತಿಗೆ ಬೆನ್ನಿನ ಮಟ್ಟಕ್ಕೇ ಚಾಚಿಕೊಂಡಿದೆ. 2012ರಲ್ಲಿ ಫ್ರಾನ್ಸಿನ ರೆನ್ ವಿಶ್ವವಿದ್ಯಾಲಯದ ಸಂಶೋಧಕರು ಸವಾರಿ ಶಾಲೆಯ ಕುದುರೆಗಳಲ್ಲಿ ಇದೇ ಭಂಗಿಯನ್ನು ವಿವರಿಸಿದ್ದರು. ಹಾಗೆ ನಿಲ್ಲುವ ಕುದುರೆಗಳು ಮುಟ್ಟಿದರೂ ಅಷ್ಟಾಗಿ ಸ್ಪಂದಿಸುತ್ತಿರಲಿಲ್ಲ, ಸುತ್ತ ಏನಾಗುತ್ತಿದೆ ಅನ್ನುವುದರ ಕಡೆಗೂ ಅವಕ್ಕೆ ಗಮನ ಕಡಿಮೆಯಿತ್ತು. ಮನುಷ್ಯರ ಖಿನ್ನತೆಗೆ ಹೋಲಿಸಬಹುದಾದ ಸ್ಥಿತಿ ಇದು ಎಂಬ ದಿಕ್ಕಿನಲ್ಲಿ ಅವರು ಯೋಚಿಸಿದ್ದರು. ಇಂಥ ಕುದುರೆಯೇ ಖರೀದಿಗೆ ಬಂದವರ ಕಣ್ಣಿಗೆ ಅತಿ ಸಾಧುವಾಗಿ ಕಾಣುವುದು. ಅಪಾಯ ಇರುವುದು ಅಲ್ಲೇ. ಮೈ ಸುಧಾರಿಸಿ, ಒಳ್ಳೆಯ ಮೇವು ಸಿಕ್ಕಿ, ಆರು ತಿಂಗಳ ನಂತರ ಅದು ಎಚ್ಚರಗೊಂಡಾಗ ಹೇಗಿರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಒಂದು ಬೂದು ಬಣ್ಣದ ಹೆಣ್ಣು ಕುದುರೆಯನ್ನು ನಾನು ಹೀಗೆ ತಪ್ಪಾಗಿ ಓದಿದ್ದೆ. ಏನು ಮಾಡಿದರೂ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಜೀನಿನ ಪಟ್ಟಿ ಬಿಗಿಯುವಾಗ ಮಾತ್ರ ಅದರ ಕಣ್ಣಿನ ಮೇಲೆ ಚರ್ಮ ಸುಕ್ಕಾಗಿ ತ್ರಿಕೋನದಂತೆ ಏಳುತ್ತಿತ್ತು. ಅದನ್ನು ನೋಡಿಯೂ ನಾನು ನೋಡಿರಲಿಲ್ಲ. ಎರಡು ತಿಂಗಳಾದ ಮೇಲೆ ಪಶುವೈದ್ಯರು ಬೆನ್ನು ಒತ್ತಿ ನೋಡಿದಾಗಲೇ ಗೊತ್ತಾಗಿದ್ದು, ಅಷ್ಟೂ ದಿನ ಅದು ನೋವು ನುಂಗಿಕೊಂಡೇ ನಿಂತಿತ್ತು. ಆ ಮುಖವನ್ನು ಈಗಲೂ ಮರೆಯಲಾಗಿಲ್ಲ. ನೋವಿನ ಮುಖ ಓದುವುದನ್ನು ಆಮೇಲೆ ಕೂತು ಕಲಿತೆ: ಹಿಂದಕ್ಕೆ ಬಿಗಿದ ಕಿವಿ, ಕಣ್ಣಿನ ಮೇಲಿನ ಬಿಗಿತ, ಅಗಿಯುವ ಸ್ನಾಯು ಉಬ್ಬಿರುವುದು, ಬಿಗಿದ ಮೂತಿ, ಚಪ್ಪಟೆಯಾಗಿ ಎಳೆದುಕೊಂಡ ಹೊಳ್ಳೆ. ಬ್ರಿಟನ್ನಿನ ಪಶುವೈದ್ಯೆ ಸೂ ಡೈಸನ್ ಸವಾರಿಯ ಹೊತ್ತಿನಲ್ಲಿ ನೋವು ಗುರುತಿಸಲು 24 ವರ್ತನೆಗಳ ಪಟ್ಟಿ ಮಾಡಿದ್ದಾರೆ. ಅದರಲ್ಲಿ 8 ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಕುದುರೆಗೆ ಸ್ನಾಯು, ಮೂಳೆ, ಕೀಲುಗಳ ನೋವಿರುವ ಸಾಧ್ಯತೆ ಜಾಸ್ತಿ. ಈ ಕೆಲಸಕ್ಕೆ ಇಳಿಯುವವರು ಆ ಪಟ್ಟಿ ಕಲಿತುಕೊಳ್ಳಬೇಕು.

ಒಳ್ಳೆಯ ಥೆರಪಿ ಕುದುರೆ ಮಂದ ಕುದುರೆ ಅಲ್ಲ ಅನ್ನುವುದಕ್ಕೆ ಹಳೆಯ ಸಾಕ್ಷಿಯೊಂದಿದೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರಿಗೆ 1944ರಲ್ಲಿ ಪೋಲಿಯೊ ಆಗಿ ಮೊಣಕಾಲಿನ ಕೆಳಗೆ ಶಕ್ತಿ ಹೋಯಿತು. ಕುದುರೆ ಹತ್ತಲು, ಇಳಿಯಲು ಬೇರೆಯವರ ನೆರವು ಬೇಕಿತ್ತು. ಅಂಥವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್, ಅಂದರೆ ಸವಾರರ ಸನ್ನೆಗೆ ತಕ್ಕಂತೆ ಕುದುರೆ ಹೆಜ್ಜೆ ಹಾಕುವ ಸ್ಪರ್ಧೆಯ ಬೆಳ್ಳಿ ಪದಕ ಗೆದ್ದರು. ಆ ಗೆಲುವಿನ ನಂತರವೇ ಚಿಕಿತ್ಸೆಗಾಗಿ ಸವಾರಿ ಅನ್ನುವ ವಿಚಾರಕ್ಕೆ ಯುರೋಪಿನಲ್ಲಿ ದೊಡ್ಡ ಬಲ ಬಂತು. ಕಾಲಿನಿಂದ ಸನ್ನೆ ಕೊಡಲಾಗದ ಅವರನ್ನು ಹೊತ್ತ ಜುಬಿಲಿ ಎಂಬ ಕುದುರೆ ಸಣ್ಣ ಸನ್ನೆಗೂ ಕಿವಿಗೊಡುವಂಥದ್ದಾಗಿತ್ತು. ಮಂದ ಕುದುರೆಯಿಂದ ಆಗುವ ಕೆಲಸ ಅಲ್ಲ ಅದು.

ಹಂತ 4: ಮೈ ನೋಡುವುದು

ಇದಕ್ಕೆ ಪಶುವೈದ್ಯರು ಬೇಕೇ ಬೇಕು. ಮಾರುವವರ ಪರಿಚಯದವರು ಬೇಡ, ನೀವೇ ಕರೆದುಕೊಂಡು ಹೋಗಿ. ಅವರು ಬರುವ ಮೊದಲು ನೀವೇ ನೋಡಬಹುದಾದ್ದೂ ಸಾಕಷ್ಟಿದೆ.

ಗಟ್ಟಿ ನೆಲದಲ್ಲಿ, ನೇರ ದಾರಿಯಲ್ಲಿ, ಹಗ್ಗ ಸಡಿಲ ಬಿಟ್ಟು ಮೊದಲು ನಡೆಸಿ, ಆಮೇಲೆ ಕುಲುಕು ಓಟ ಅಂದರೆ ಟ್ರಾಟ್ ಓಡಿಸಿ. ಮುಂಗಾಲಿನಲ್ಲಿ ನೋವಿದ್ದರೆ, ನೋಯುವ ಕಾಲು ನೆಲಕ್ಕೆ ತಾಗುವಾಗ ತಲೆ ಮೇಲೆ ಹೋಗುತ್ತದೆ, ಸರಿಯಾದ ಕಾಲು ತಾಗುವಾಗ ಕೆಳಗೆ ಬರುತ್ತದೆ. ತಲೆ ಒಂದೇ ಮಟ್ಟದಲ್ಲಿದ್ದರೆ ಒಳ್ಳೆಯದು. ನಡಿಗೆಯಲ್ಲಿ ಹಿಂಗಾಲಿನ ಗೊರಸು ಮುಂಗಾಲಿನ ಹೆಜ್ಜೆ ಗುರುತಿನ ಮೇಲೋ ಅದಕ್ಕಿಂತ ಮುಂದೋ ಬೀಳಬೇಕು. ಎರಡೂ ಬದಿಯಲ್ಲಿ ಹಾಗೇ ಬೀಳುತ್ತಾ? ಮರಳು ಅಥವಾ ಮೆತ್ತನೆ ಮಣ್ಣಿನ ಮೇಲೆ ನಡೆಸಿ ಗುರುತುಗಳನ್ನು ಅಳತೆ ಮಾಡಿದರೆ ಸುಳ್ಳು ಹೇಳುವುದಿಲ್ಲ. ಕಣ್ಣು ಒಮ್ಮೊಮ್ಮೆ ಹೇಳುತ್ತದೆ. ಫೋನಿನಲ್ಲಿ ನಿಧಾನಗತಿಯ ವಿಡಿಯೊ ಮಾಡಿಕೊಂಡು ಮನೆಯಲ್ಲಿ ಕೂತು ಮತ್ತೆ ನೋಡಿ.

ಭುಜದ ಮೇಲಿನ ಏಣಿನಿಂದ ಸೊಂಟದವರೆಗೆ ಬೆನ್ನೆಲುಬಿನ ಎರಡೂ ಪಕ್ಕ ಅಂಗೈಯಿಂದ ಮೆಲ್ಲಗೆ ಒತ್ತುತ್ತಾ ಹೋಗಿ. ಬೆನ್ನು ಕುಗ್ಗಿಸುತ್ತದೆಯಾ, ಬಾಲ ಬೀಸುತ್ತದೆಯಾ, ತಿರುಗಿ ನೋಡುತ್ತದೆಯಾ? ಹಳೆಯ ಜೀನು ಕಚ್ಚಿದ ಕಡೆ ಬಿಳಿ ಕೂದಲು ಬಂದಿರುತ್ತದೆ, ಅದನ್ನೂ ಹುಡುಕಿ. ವಿಶ್ರಾಂತಿಯಲ್ಲಿರುವ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44ರೊಳಗೆ ಇರಬೇಕು, ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಎರಡೂ ಕಣ್ಣು ಕಾಣುತ್ತವೆಯಾ ಅಂತ ವೈದ್ಯರಿಂದ ಪರೀಕ್ಷೆ ಮಾಡಿಸಿ. ಒಂದು ಕಣ್ಣು ಮಂಜಾದ ಕುದುರೆ ಆ ಕಡೆಯಿಂದ ಬರುವ ಗಾಲಿಕುರ್ಚಿಗೆ ಬೆಚ್ಚಿದರೆ ತಪ್ಪು ಅದರದ್ದಲ್ಲ. ಧನುರ್ವಾಯು, ರೇಬೀಸ್ ಲಸಿಕೆ ಆಗಿದೆಯಾ ಕೇಳಿ. ಮನುಷ್ಯರಿಗೆ ಹರಡಬಲ್ಲ ಗ್ಲಾಂಡರ್ಸ್‌ನಂಥ ರೋಗದ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ. ನಿಮ್ಮಲ್ಲಿಗೆ ಬರುವ ಮಕ್ಕಳಲ್ಲಿ ರೋಗನಿರೋಧಕ ಶಕ್ತಿ ಕಡಿಮೆ ಇರುವವರೂ ಇರುತ್ತಾರೆ.

ಹಂತ 5: ಬೆಚ್ಚಿದರೆ ಎಷ್ಟು ಬೇಗ ಹಿಂದಿರುಗುತ್ತದೆ?

ಇನ್ನು ಸ್ವಭಾವದ ಪರೀಕ್ಷೆ. ಕುದುರೆಯನ್ನು ಕಂಬಕ್ಕೆ ಕಟ್ಟಬೇಡಿ. ಅನುಭವ ಇರುವವರು ಉದ್ದ ಹಗ್ಗದಲ್ಲಿ ಹಿಡಿದಿರಲಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಕೈಗವಸು, ಹೆಲ್ಮೆಟ್ ಇರಲಿ. ಈ ಹಂತದಲ್ಲಿ ಮೇಲೆ ಯಾರೂ ಕೂರುವುದು ಬೇಡ.

ನಿಮ್ಮ ಕೇಂದ್ರದಲ್ಲಿ ನಿಜವಾಗಿ ಇರುವ ವಸ್ತುಗಳನ್ನೇ ತೆಗೆದುಕೊಂಡು ಹೋಗಿ. ಗಾಲಿಕುರ್ಚಿ, ಊರುಗೋಲು, ದೊಡ್ಡ ಚೆಂಡು, ಪ್ಲಾಸ್ಟಿಕ್ ಚೀಲ, ಗಿಲಕಿ, ಛತ್ರಿ. ಮೊದಲು ದೂರದಲ್ಲಿ ತೋರಿಸಿ, ಕುದುರೆ ನೋಡಿ ಮುಗಿಸಲಿ, ಆಮೇಲೆ ಹತ್ತಿರ ತನ್ನಿ. ಕುದುರೆಯ ನೋಟ ಸುತ್ತ ಸುಮಾರು 350 ಡಿಗ್ರಿಯಷ್ಟು ಹರಡಿರುತ್ತದೆ. ಕಾಣದಿರುವುದು ನೇರ ಬೆನ್ನ ಹಿಂದೆ ಮತ್ತು ಮೂತಿಯ ಮುಂದೆಯೇ, ತೀರಾ ಹತ್ತಿರದ ಜಾಗ. ಹಾಗಾಗಿ ಯಾವುದೇ ವಸ್ತುವನ್ನು ಭುಜದ ಕಡೆಯಿಂದ ತನ್ನಿ. ಇದು ಪರೀಕ್ಷೆಗೆ ಮಾತ್ರ ಅಲ್ಲ, ಮುಂದೆ ಮಕ್ಕಳು ಹತ್ತಿರ ಬರುವಾಗಲೂ ಇದೇ ದಾರಿ.

ಬೆಚ್ಚಿತು ಅಂದಮಾತ್ರಕ್ಕೆ ಬೇಡ ಅನ್ನಬೇಡಿ. ಕುದುರೆ ಓಡಿ ಬದುಕುವ ಪ್ರಾಣಿ. ಬೆಚ್ಚದೇ ಇರುವುದು ಅದರ ಹುಟ್ಟಿನಲ್ಲೇ ಇಲ್ಲ. ನೀವು ನೋಡಬೇಕಾದ್ದು ಎರಡು. ನಿಂತಲ್ಲೇ ನಾಲ್ಕೂ ಕಾಲು ಊರಿ ಬೆಚ್ಚುತ್ತದೋ, ಪಕ್ಕಕ್ಕೆ ಹಾರುತ್ತದೋ? ಬೆಚ್ಚಿದ ಮೇಲೆ ಉಸಿರು ಬಿಟ್ಟು, ತಲೆ ಇಳಿಸಿ, ಬಾಯಿ ಸಡಿಲಿಸುವುದಕ್ಕೆ ಎಷ್ಟು ಹೊತ್ತು ಬೇಕಾಯಿತು? ಒಂದೇ ವಸ್ತುವನ್ನು ಮೂರು ಸಲ ತೋರಿಸಿ. ಪ್ರತಿ ಸಲವೂ ಬೆಚ್ಚುವುದು ಕಡಿಮೆಯಾಗುತ್ತಾ ಬಂದರೆ ಅದು ಕಲಿಯುವ ಕುದುರೆ. ಹೆಚ್ಚುತ್ತಾ ಹೋದರೆ, ಎಷ್ಟೇ ಮುದ್ದಾಗಿದ್ದರೂ, ಈ ಕೆಲಸಕ್ಕೆ ಕರೆತಂದು ಅದಕ್ಕೆ ಹಿಂಸೆ ಕೊಡಬೇಡಿ.

ಮುಟ್ಟುವ ಪರೀಕ್ಷೆಗೂ ಸಮಯ ಕೊಡಿ. ನಯವಾಗಿ ಸವರುವುದಷ್ಟೇ ಸಾಲದು. ಕೈಯ ಹಿಡಿತ ಸರಿಯಿಲ್ಲದ ಮಗು ಹೇಗೆ ಮುಟ್ಟುತ್ತದೋ ಹಾಗೆ ಮುಟ್ಟಿ. ಜೂಲು ಹಿಡಿದು ಸ್ವಲ್ಪ ಎಳೆಯಿರಿ, ಕುತ್ತಿಗೆಯನ್ನು ತಬ್ಬಿ, ಮೈಮೇಲೆ ಭಾರ ಬಿಟ್ಟು ಒರಗಿ, ತಟ್ಟಿ. ಎರಡೂ ಬದಿಯಲ್ಲಿ ಇಬ್ಬರು ಅಂಟಿಕೊಂಡಂತೆ ನಡೆಯಿರಿ. ಬಹಳಷ್ಟು ಕುದುರೆಗಳಿಗೆ ಎಡಗಡೆಯಿಂದ ಹತ್ತಿಸಿ ಮಾತ್ರ ರೂಢಿ. ಥೆರಪಿಯಲ್ಲಿ ಬಲಗಡೆಯಿಂದಲೂ ಹತ್ತಬೇಕಾಗುತ್ತದೆ.

ಈ ಪರೀಕ್ಷೆಯಲ್ಲಿ ನಾನು ಕಾಯುವುದು ಒಂದು ಸಣ್ಣ ‘ಬೇಡ’ಕ್ಕೆ. ಕಿವಿ ಚೂರು ಹಿಂದೆ ಮಾಡಬಹುದು, ತಲೆ ಆ ಕಡೆ ತಿರುಗಿಸಬಹುದು, ಒಂದು ಹೆಜ್ಜೆ ಸರಿಯಬಹುದು. ಹೀಗೆ ಮೆಲ್ಲಗೆ ಬೇಡ ಅನ್ನಬಲ್ಲ ಕುದುರೆ ನಂಬಿಕೆಗೆ ಯೋಗ್ಯ. ಅದಕ್ಕೆ ಏನನಿಸುತ್ತಿದೆ ಅಂತ ನಮಗೆ ಮೊದಲೇ ತಿಳಿಯುತ್ತದೆ. ಸಣ್ಣ ದನಿಯಲ್ಲಿ ಹೇಳಿದ್ದನ್ನು ಯಾರೂ ಕೇಳದೆ ಹೋದಾಗ, ಅಥವಾ ಹೇಳಿದ್ದಕ್ಕೇ ಏಟು ತಿಂದಾಗ, ಕುದುರೆ ಆ ಸಣ್ಣ ದನಿಯನ್ನೇ ಬಿಟ್ಟುಬಿಡುತ್ತದೆ. ಅಂಥದ್ದು ಒಂದು ದಿನ ನೇರವಾಗಿ ಕಚ್ಚುತ್ತದೆ. ನೋಡುವವರಿಗೆ ‘ಇದ್ದಕ್ಕಿದ್ದಂತೆ’ ಕಚ್ಚಿದಂತೆ ಕಾಣುತ್ತದೆ, ಅಲ್ವಾ?

ಹಂತ 6: ಹೇಳದೆ ಇನ್ನೊಮ್ಮೆ ಹೋಗಿ

ಬೇರೆ ದಿನ, ಬೇರೆ ಹೊತ್ತು, ಸಾಧ್ಯವಾದರೆ ಮುನ್ಸೂಚನೆ ಇಲ್ಲದೆ. ಮಾರುವ ದಿನ ಕುದುರೆಗೆ ಮಂಪರಿನ ಔಷಧಿ ಕೊಡುವುದು, ನೋವಿನ ಮಾತ್ರೆ ಹಾಕಿ ಕುಂಟು ಮರೆಸುವುದು ಹೊಸದೇನಲ್ಲ. ಮೊದಲ ದಿನ ದಣಿಯುವಷ್ಟು ಓಡಿಸಿ ನಿಲ್ಲಿಸಿರಲೂಬಹುದು. ವೈದ್ಯರು ಪರೀಕ್ಷೆಗೆ ಬಂದ ದಿನವೇ ರಕ್ತ ತೆಗೆದಿಡಲು ಹೇಳಿ. ಆಮೇಲೆ ಸಂಶಯ ಬಂದರೆ ಔಷಧಿಯ ಪರೀಕ್ಷೆ ಮಾಡಿಸಬಹುದು.

ಹಂತ 7: ತಂದ ಮೇಲೆ ಎರಡು ತಿಂಗಳು

ಪೂರ್ತಿ ಹಣ ಕೊಡುವ ಮೊದಲು 30ರಿಂದ 60 ದಿನದ ಪ್ರಯೋಗದ ಅವಧಿ ಕೇಳಿ, ಬರೆಸಿಕೊಳ್ಳಿ. ದಾನ ಬಂದ ಕುದುರೆಗೂ ಹೀಗೇ. ಹಿಂದಕ್ಕೆ ಕಳಿಸುವ ದಾರಿ ಮೊದಲೇ ಮಾತಾಗಿರಲಿ.

ಮೊದಲ ಎರಡು ವಾರ ಕೆಲಸ ಬೇಡ. ಉಳಿದ ಕುದುರೆಗಳಿಂದ ದೂರ, ಆದರೆ ಅವು ಕಾಣುವಂತೆ ಇಡಿ. ಇದರಿಂದ ರೋಗ ಹರಡುವ ಅಪಾಯ ತಪ್ಪುತ್ತದೆ, ಒಂಟಿತನವೂ ಆಗುವುದಿಲ್ಲ. ಹೊಸ ಮೇವಿಗೆ ನಿಧಾನವಾಗಿ ಒಗ್ಗಿಸಿ, ಒಮ್ಮೆಲೇ ಬದಲಿಸಿದರೆ ಹೊಟ್ಟೆ ಕೆಡುತ್ತದೆ. ಈ ದಿನಗಳಲ್ಲಿ ಒಂದು ವಿಷಯ ತಪ್ಪದೆ ನೋಡಿ: ರಾತ್ರಿ ಮಲಗುತ್ತದೆಯಾ? ಕುದುರೆ ನಿಂತೇ ತೂಕಡಿಸುತ್ತದೆ, ಆದರೆ ಗಾಢವಾದ ಕನಸಿನ ನಿದ್ದೆಗೆ ಅದು ಮಲಗಲೇಬೇಕು. ಮಲಗಲು ಧೈರ್ಯ ಬರದ ಅಥವಾ ಕೀಲು ನೋವಿನಿಂದ ಮಲಗಲಾಗದ ಕುದುರೆ ಹಗಲಿನಲ್ಲಿ ನಿಂತಲ್ಲೇ ಮುಗ್ಗರಿಸುತ್ತದೆ. ಮೊಣಕಾಲಿನ ಮುಂದೆ, ಗೊರಸಿನ ಮೇಲಿನ ಗಿಣ್ಣಿನ ಮೇಲೆ ತರಚು ಗಾಯ ಕಂಡರೆ ಸಂಶಯಪಡಿ. ಮೈಗೆ ಹುಲ್ಲು, ಮಣ್ಣು ಅಂಟಿದ್ದರೆ ಸಂತೋಷಪಡಿ.

ಮೂರನೇ ವಾರದಿಂದ ಹತ್ತುವ ಜಾಗದ ಅಭ್ಯಾಸ. ಥೆರಪಿಯಲ್ಲಿ ಅತಿ ಕಷ್ಟದ ಹೊತ್ತು ಇದೇ. ಕುದುರೆ ರ‍್ಯಾಂಪಿನ ಪಕ್ಕಕ್ಕೆ ಬರಬೇಕು, ಕಿರಿದಾದ ಜಾಗದಲ್ಲಿ ಎರಡೂ ಕಡೆ ಜನ ಇರುವಾಗ ನಿಲ್ಲಬೇಕು, ಮೇಲಿನಿಂದ ಒಬ್ಬರನ್ನು ಎತ್ತಿ ಕೂರಿಸುವಾಗ ಅಲುಗದಿರಬೇಕು. ಮೊದಲು ಖಾಲಿ ನಿಲ್ಲಿಸಿ ಹೊರಡಿಸಿ. ನಂತರ ಅರ್ಧ ನಿಮಿಷ, ಒಂದು ನಿಮಿಷ, ಐದು ನಿಮಿಷ. ಆಮೇಲೆ ಸಹಾಯಕರು ಮೇಲಿನಿಂದ ಒರಗುವುದು. ಆಮೇಲೆ ಸವಾರಿ ಬಲ್ಲ ಹಗುರ ವ್ಯಕ್ತಿಯೊಬ್ಬರು ನಿಧಾನವಾಗಿ ಕೂರುವುದು, ಬೇಕೆಂದೇ ವಾಲುವುದು, ಕೂಗುವುದು, ಒಂದು ಕಾಲು ಬಡಿಯುವುದು. ಒಂದು ಹಂತದಲ್ಲಿ ಕುದುರೆ ಬಿಗಿದರೆ ಹಿಂದಿನ ಹಂತಕ್ಕೆ ಹೋಗಿ. ನೆಲದಿಂದ ರಿಕಾಪಿಗೆ ಕಾಲಿಟ್ಟು ಹತ್ತಿಸುವುದನ್ನು ಪೂರ್ತಿ ಬಿಡಿ. ಹಾಗೆ ಹತ್ತಿದರೆ ಜೀನು ಒಂದು ಕಡೆ ಎಳೆದು ಬೆನ್ನು ತಿರುಚುತ್ತದೆ.

ಬಹುಮಾನದ ತಿನಿಸನ್ನು ಕೈಯಿಂದ ಕೊಡಬೇಡಿ, ಬೋಗುಣಿಯಲ್ಲಿ ಹಾಕಿ. ಕೈ ಹುಡುಕುವ ಅಭ್ಯಾಸವಾದ ಕುದುರೆ ಪುಟ್ಟ ಬೆರಳುಗಳನ್ನೂ ಹುಡುಕುತ್ತದೆ.

ಆರನೇ ವಾರದ ಹೊತ್ತಿಗೆ ಮೊದಲ ನಿಜವಾದ ಸವಾರ. ಹಗುರ ಮೈಯವರು, ಶಾಂತ ಸ್ವಭಾವದವರು, 15 ನಿಮಿಷ. ಹಗ್ಗ ಹಿಡಿಯುವವರು ಒಬ್ಬರು, ಪಕ್ಕದಲ್ಲಿ ಇಬ್ಬರು. ಹಗ್ಗ ಹಿಡಿದವರ ಗಮನ ಕುದುರೆಯ ಮೇಲೆ ಮಾತ್ರ ಇರಬೇಕು, ಮಗುವಿನ ಜೊತೆ ಮಾತಿಗಿಳಿಯಬಾರದು. ಸವಾರರ ಕಡೆಯಿಂದ ವೈದ್ಯರ ಒಪ್ಪಿಗೆ ಪತ್ರ ತಪ್ಪದೆ ಪಡೆಯಿರಿ. ಡೌನ್ ಸಿಂಡ್ರೋಮ್ ಇರುವ ಕೆಲವರಿಗೆ ಕುತ್ತಿಗೆಯ ಮೊದಲೆರಡು ಮೂಳೆಗಳ ನಡುವೆ ಭದ್ರತೆ ಇರುವುದಿಲ್ಲ. ಅವರಿಗೆ ಕುದುರೆಯ ಕುಲುಕು ಅಪಾಯ. ಹತೋಟಿಗೆ ಬಾರದ ಮೂರ್ಛೆ, ಬೇಗ ಮುರಿಯುವ ಮೂಳೆ ಇದ್ದವರಿಗೂ ಸವಾರಿ ಬೇಡ, ನೆಲದ ಮೇಲಿನ ಕೆಲಸ ಸಾಕು.

ಹಂತ 8: ಸಾಧು ಕುದುರೆ ಸಾಧುವಾಗಿಯೇ ಉಳಿಯಲು

ಇಷ್ಟು ಕಷ್ಟಪಟ್ಟು ಹುಡುಕಿದ ಕುದುರೆಯನ್ನು ಒಂದೇ ವರ್ಷದಲ್ಲಿ ಹಾಳು ಮಾಡಿಕೊಂಡ ಜಾಗಗಳನ್ನು ನೋಡಿದ್ದೇನೆ. ಕಾರಣ ಪ್ರತಿ ಸಲವೂ ಒಂದೇ: “ಇದು ಎಷ್ಟು ಒಳ್ಳೆಯದು ಅಂದರೆ, ಎಲ್ಲರನ್ನೂ ಇದರ ಮೇಲೇ ಕೂರಿಸೋಣ.” ನಾನು ಇಟ್ಟುಕೊಂಡ ಲೆಕ್ಕ ಇದು: ದಿನಕ್ಕೆ ಅರ್ಧರ್ಧ ಗಂಟೆಯ ಎರಡು, ಹೆಚ್ಚೆಂದರೆ ಮೂರು ಸರದಿ. ನಡುವೆ ಜೀನು ಬಿಚ್ಚಿ ಬಿಡುವು. ವಾರಕ್ಕೆ ಎರಡು ದಿನ ಪೂರ್ತಿ ರಜೆ. ಇನ್ನೊಂದು ದಿನ ಚೆನ್ನಾಗಿ ಸವಾರಿ ಬಲ್ಲವರು ಅದನ್ನು ಬಯಲಿಗೆ ಕರೆದುಕೊಂಡು ಹೋಗಿ ಮೈ ಬಿಚ್ಚಿ ಓಡಲು ಬಿಡಬೇಕು. ವಾರಪೂರ್ತಿ ವೃತ್ತದಲ್ಲಿ ಮೆಲ್ಲಗೆ ನಡೆದ ಬೆನ್ನಿಗೆ ಅದು ಬೇಕು.

ಮೇವು ದಿನಕ್ಕೆ ಮೈತೂಕದ ಶೇಕಡಾ 1.5ರಿಂದ 2ರಷ್ಟು, ಹೆಚ್ಚಿನ ಪಾಲು ಒಣಹುಲ್ಲು. 400 ಕಿಲೋ ಕುದುರೆಗೆ 6ರಿಂದ 8 ಕಿಲೋ. ಗಂಟೆಗಟ್ಟಲೆ ಹೊಟ್ಟೆ ಖಾಲಿ ಬಿಡಬೇಡಿ. ಹೊಟ್ಟೆಯಲ್ಲಿ ಹುಣ್ಣಾದ ಕುದುರೆ ಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ, ನಾವು ಅದನ್ನು ಕೊಬ್ಬು ಅಂದುಕೊಳ್ಳುತ್ತೇವೆ. ಗೊರಸಿನ ಕೆಲಸ 6ರಿಂದ 8 ವಾರಕ್ಕೊಮ್ಮೆ, ಹಲ್ಲಿನ ಪರೀಕ್ಷೆ ವರ್ಷಕ್ಕೊಮ್ಮೆ.

ಕೆಲಸ ಮಾಡುವವರ ಮುಖವೂ ಕುದುರೆಗೆ ಲೆಕ್ಕ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟಿನ ಮುಖದ ಫೋಟೊ ನೋಡಿದಾಗ ಕುದುರೆಗಳ ಎದೆಬಡಿತ ಹೆಚ್ಚು ಬೇಗ ಏರಿತ್ತು. ಬರೀ ಫೋಟೊಗೇ ಹೀಗೆ. ಹಾಗಾಗಿ ಜಗಳ, ಗದರಿಕೆ ಲಾಯದ ಹೊರಗೇ ಇರಲಿ.

ಒಂದು ನೋಟ್‌ಬುಕ್ ಇಡಿ. ಪ್ರತಿ ಸರದಿಯ ನಂತರ ಎರಡೇ ಸಾಲು: ಹಾಲ್ಟರ್ (ತಲೆಗೆ ಹಾಕುವ ಪಟ್ಟಿ) ಹಿಡಿದು ಹೋದಾಗ ಕುದುರೆ ತಾನೇ ಬಂತಾ, ನಿಂತಿತಾ, ತಿರುಗಿ ಹೋಯಿತಾ? ರ‍್ಯಾಂಪಿನ ಹತ್ತಿರ ಹೆಜ್ಜೆ ನಿಧಾನವಾಯಿತಾ? ಮೂರು ದಿನ ಸತತವಾಗಿ ‘ತಿರುಗಿ ಹೋಯಿತು’ ಅಂತ ಬಂದರೆ ಒಂದು ವಾರ ಕೆಲಸ ನಿಲ್ಲಿಸಿ, ವೈದ್ಯರನ್ನು ಕರೆಯಿರಿ. ಕಾಯುತ್ತಿರುವ ಪೋಷಕರಿಗೆ ಕಾರಣವನ್ನು ನೇರವಾಗಿ ಹೇಳಿ. ಅರ್ಥ ಮಾಡಿಕೊಳ್ಳುತ್ತಾರೆ. ಮಾತಿನಲ್ಲಿ ಹೇಳಲಾಗದ ಮಗುವಿನ ಮನಸ್ಸನ್ನು ದಿನವಿಡೀ ಓದುವವರು ಅವರು.

ನಿವೃತ್ತಿಯ ಮಾತನ್ನೂ ಮೊದಲ ದಿನವೇ ಆಡಿ. ಕೆಲಸ ಬಿಟ್ಟ ಮೇಲೆ ಎಲ್ಲಿ ಇರುತ್ತದೆ, ಮೇವಿನ ಖರ್ಚು ಯಾರದ್ದು ಅಂತ ಕರಾರಿನಲ್ಲೇ ಬರೆಯಿರಿ. ಸವಾರರನ್ನು ಹೊರುವುದು ನಿಲ್ಲಿಸಿದ ಮೇಲೂ ಮೈ ಉಜ್ಜಿಸಿಕೊಳ್ಳುವ ಕೆಲಸಕ್ಕೆ ಅದು ಇಷ್ಟಪಟ್ಟು ಬರುತ್ತಿದ್ದರೆ, ವಾರಕ್ಕೊಂದೆರಡು ಸಲ ಬರಲಿ. ಕಣ್ಣಿಗೆ ಕಾಣುವಂತೆ ಸೊರಗಿದರೆ, ಬೇಡ. ಬೇರೆ ಕಡೆ ಸಾಗಿಸಲೇಬೇಕಾದರೆ ಅದರ ಜೊತೆ ಮೇಯುವ ಗೆಳೆಯ ಕುದುರೆಯನ್ನೂ ಒಟ್ಟಿಗೇ ಕಳಿಸಿ.